ಮೂರರಿಂದ ನಾಲ್ಕರವರೆಗೆ

ನಾನು ಗೆದ್ದಿದ್ದು ಹನ್ನೊಂದೇ ಓಟಿನಲ್ಲಿ. ಆ ಹನ್ನೊಂದು ಓಟು ಯಾರದೆಂದು ನನಗೂ ಗೊತ್ತು, ಅವರಿಗೂ ಗೊತ್ತು, ದಿನಕ್ಕೊಮ್ಮೆ ನೆನಪಿಸದೆ ಅವರು ಬಿಡುತ್ತಲೂ ಇರಲಿಲ್ಲ. ರವಿಕೆ ಹೊಲಿದುಕೊಂಡು ನನ್ನ ಪಾಡಿಗೆ ನಾನಿದ್ದವಳು. ಹತ್ತೊಂಬತ್ತನೇ ವಾರ್ಡು ಹೆಂಗಸರಿಗೆ ಮೀಸಲಾಯಿತು, ಬಡಾವಣೆಯವರೆಲ್ಲ ಬಂದು ‘ಪಂಕಜಮ್ಮ, ನೀವೇ ನಿಲ್ಬೇಕು’ ಎಂದರು, ನಾನು ಹೊಲಿಗೆ ಯಂತ್ರದ ಮೇಲೊಂದು ಬಟ್ಟೆ ಹೊದಿಸಿ ನಿಂತೇಬಿಟ್ಟೆ. ನಿಂತವಳು ಬಾಯಿ ಮುಚ್ಚಿಕೊಂಡಾದರೂ ಇರಬಾರದೆ? ಪ್ರಚಾರದ ಕೊನೆಯ ದಿನ ನೀರಿನ ಟ್ಯಾಂಕರ್ ಮೇಲೆ ಹತ್ತಿ, ಕೆಳಗೆ ಸಾಲಾಗಿ ನಿಂತ ಕೊಡಗಳ ಎದುರಿಗೆ, ಎರಡನೇ ಯುಗಾದಿಯೊಳಗೆ ಮನೆಮನೆಯ ನಲ್ಲಿಯಲ್ಲಿ ನೀರು ಬರದಿದ್ದರೆ ರಾಜೀನಾಮೆ ಬಿಸಾಕಿ ಮತ್ತೆ ರವಿಕೆ ಹೊಲಿಯುತ್ತೇನೆ ಎಂದು ಕೂಗಿದೆ. ಚಪ್ಪಾಳೆಯೋ ಚಪ್ಪಾಳೆ. ಹೇಳುವಾಗ ಎಷ್ಟು ಹಿತವಾಗಿತ್ತೆಂದರೆ, ಆ ನೀರು ಎಲ್ಲಿಂದ ಬರಬೇಕು ಎಂಬ ಯೋಚನೆ ಬಂದಿದ್ದು ಟ್ಯಾಂಕರ್ ಇಳಿದು ಮನೆ ಸೇರಿ ಕಾಲು ತೊಳೆಯಲು ಹೋದಾಗ. ತೊಟ್ಟಿಯಲ್ಲಿ ಒಂದು ಚೊಂಬು ನೀರಿತ್ತು.

ಆಗ ನಮ್ಮ ಊರು ಬೆಳೆಯುತ್ತಿದ್ದ ವೇಗ ನೋಡಬೇಕಿತ್ತು. ಪುರಸಭೆಯ ಗೋಡೆಯ ಮೇಲೆ ಊರಿನ ನಕ್ಷೆ ಇತ್ತು. ಹೊಸ ಬಡಾವಣೆ ಸೇರಿದಾಗಲೆಲ್ಲ ಅದಕ್ಕೊಂದು ಹಾಳೆ ಅಂಟಿಸುತ್ತಿದ್ದರು. ನಾನು ಸದಸ್ಯೆಯಾಗಿ ಒಳಗೆ ಕಾಲಿಡುವ ಹೊತ್ತಿಗೆ ನಕ್ಷೆ ಗೋಡೆ ಮುಗಿಸಿ, ಬಾಗಿಲ ಮೇಲೆ ಹಾದು, ಛಾವಣಿಗೆ ಏರಿತ್ತು. ನನ್ನ ವಾರ್ಡು ಫ್ಯಾನಿನ ಪಕ್ಕದಲ್ಲಿತ್ತು. ಏನಾದರೂ ತೋರಿಸಬೇಕೆಂದರೆ ಇಂಜಿನಿಯರು ಮೊದಲು ಫ್ಯಾನ್ ನಿಲ್ಲಿಸಿ ಆಮೇಲೆ ಮೇಜು ಹತ್ತಬೇಕಿತ್ತು. ನಿನ್ನೆ ರಾಗಿ ತೆನೆ ತೂಗುತ್ತಿದ್ದ ಜಾಗದಲ್ಲಿ ಇವತ್ತು ಸುಣ್ಣದ ಗೆರೆ, ನಾಳೆ ಕಮಾನು, ನಾಡಿದ್ದು ‘ಐಶ್ವರ್ಯ ನಗರಕ್ಕೆ ಸುಸ್ವಾಗತ’. ಐಶ್ವರ್ಯಕ್ಕೇನೋ ಸ್ವಾಗತವಿತ್ತು, ಚರಂಡಿ ಇರಲಿಲ್ಲ. ಆದರೂ ಸುಳ್ಳು ಹೇಳಬಾರದು, ನಮಗೆಲ್ಲ ಒಳಗೊಳಗೇ ಹೆಮ್ಮೆ. ನೆಂಟರು ಬಂದರೆ ಮೊದಲು ತಾರಸಿಗೆ ಕರೆದುಕೊಂಡು ಹೋಗಿ ಊರು ಎಲ್ಲಿಯವರೆಗೆ ಹೋಗಿದೆ ಎಂದು ತೋರಿಸುತ್ತಿದ್ದೆವು.

ಇಷ್ಟು ಬೆಳೆಯುವ ಊರು ಸಾಲ ಮಾಡದೆ ಇರುವುದುಂಟೆ? ಸಂತೆಮಾಳ, ಮಳಿಗೆಗಳು, ಮುಂದಿನ ಹತ್ತು ವರ್ಷದ ಮನೆಗಂದಾಯ, ಎಲ್ಲವೂ ನಾನು ಬರುವ ಮೊದಲೇ ಗಿರವಿಗೆ ಹೋಗಿದ್ದವು. ಉಳಿದಿದ್ದು ಗಂಟೆಗಳು. ಹೊಳೆಯಾಚೆಯ ಗಿರವಿ ಕಚೇರಿ ಗಂಟೆಗಳನ್ನೂ ಇಟ್ಟುಕೊಂಡು ಸಾಲ ಕೊಡುತ್ತಿತ್ತು. ಮೊದಲು ನಡುರಾತ್ರಿಯ ಹನ್ನೆರಡರಿಂದ ಒಂದರ ಗಂಟೆಯನ್ನು ಇಟ್ಟೆವು. ಮಲಗಿದವರ ಗಂಟೆಗೆ ಎಷ್ಟು ಬಂದೀತು? ಬಸ್ ನಿಲ್ದಾಣ ಬಂತು, ಛಾವಣಿ ಬರಲಿಲ್ಲ. ಆಮೇಲೆ ಒಳಚರಂಡಿಗಾಗಿ ಮಧ್ಯಾಹ್ನ ಒಂದರಿಂದ ಎರಡನ್ನು ಇಟ್ಟೆವು. ಅಂದಿನಿಂದ ಪುರಸಭೆಯ ಸೈರನ್ ಒಂದಕ್ಕೆ ಕೂಗಿ ಉಸಿರು ಬಿಡುವ ಮೊದಲೇ ಎರಡರ ಕೂಗು ಕೂಗುತ್ತಿತ್ತು. ಮೊದಮೊದಲು ಊಟದ ಹೊತ್ತೇ ಹೋಯಿತೆಂದು ಗಲಾಟೆಯಾಯಿತು. ವರ್ಷ ಕಳೆಯುವುದರೊಳಗೆ ಒಂದಕ್ಕೆ ಬಾಯಿಗಿಟ್ಟ ತುತ್ತನ್ನು ಎರಡಕ್ಕೆ ನುಂಗುವುದು ಎಲ್ಲರಿಗೂ ಅಭ್ಯಾಸವಾಯಿತು. ಪಕ್ಕದ ಊರಿಗೆ ಹೆಣ್ಣು ಕೊಡುವಾಗ ಮಾತ್ರ ‘ನಮ್ಮ ಹುಡುಗಿಗೆ ದಿನಕ್ಕೆ ಇಪ್ಪತ್ತೆರಡು ಗಂಟೆ ಅಭ್ಯಾಸ, ಮೊದಲ ಒಂದು ತಿಂಗಳು ಸುಧಾರಿಸಿಕೊಳ್ಳಿ’ ಎಂದು ಹೇಳಿ ಕಳಿಸುತ್ತಿದ್ದೆವು.

ನನ್ನ ಬಡಾವಣೆಗೆ ಪೈಪು ಬರಬೇಕಾದರೆ ಮೂರನೆಯದೊಂದು ಗಂಟೆ ಇಡಬೇಕಿತ್ತು. ಯುಗಾದಿಗೆ ಇನ್ನು ಎಂಟು ತಿಂಗಳು. ಯಾವ ಗಂಟೆ ಎಂಬುದರ ಮೇಲೆ ಸಭೆಯಲ್ಲಿ ದಿನಾ ರಂಪ. ಬೆಳಿಗ್ಗೆ ಐದರದನ್ನು ಕೊಡೋಣ ಎಂದರು ಹಳೇಪೇಟೆಯವರು, ಅವರು ಏಳುವುದು ಏಳಕ್ಕೆ. ಗಾರ್ಮೆಂಟ್ಸ್ ಬಸ್ಸು ಹಿಡಿಯುವ ನಮ್ಮ ಹೆಣ್ಣುಮಕ್ಕಳು ಏನು ಮಾಡಬೇಕು ಎಂದು ನಾನು ಮೇಜು ಗುದ್ದಿದೆ. ಸಂಜೆ ಆರರದನ್ನು ಕೊಡೋಣ ಎಂದೆವು ನಾವು. ವ್ಯಾಪಾರದ ಹೊತ್ತು ಕೊಟ್ಟು ನಾವು ಮಣ್ಣು ತಿನ್ನಬೇಕಾ ಎಂದು ಅವರು ಗುದ್ದಿದರು. ಮೇಜು ಒಂದೇ, ಎರಡೂ ಕಡೆಯಿಂದ ಏಟು ತಿಂದಿತು. ಕೊನೆಗೆ ಅಧ್ಯಕ್ಷ ವೀರಭದ್ರಯ್ಯನವರು, ಎಲ್ಲರನ್ನೂ ಸಮಾಧಾನ ಮಾಡಿ ಯಾರಿಗೂ ಏನೂ ಕೊಡದಿರುವುದರಲ್ಲಿ ಪಳಗಿದವರು, ‘ಮೂರರಿಂದ ನಾಲ್ಕು ಕೊಟ್ಬಿಡೋಣ ಕಣ್ರಯ್ಯ, ಆ ಹೊತ್ತಲ್ಲಿ ಯಾವನಿಗೇನು ಕೆಲಸ ಐತೆ?’ ಎಂದರು. ಎಲ್ಲರಿಗೂ ಒಪ್ಪಿಗೆಯಾಯಿತು. ನಮ್ಮ ಊರಿನ ಮಧ್ಯಾಹ್ನ ಮೂರು ಎಂದರೆ ತೂಕಡಿಕೆ, ಆಕಳಿಕೆ, ಅರ್ಧ ಎಳೆದ ಶಟರು.

ಗಿರವಿ ಕಚೇರಿಯಿಂದ ತೂಕದವರು ಬಂದರು. ಅವರ ಹೆಸರು ಯಾರಿಗೂ ಗೊತ್ತಿಲ್ಲ, ಎಲ್ಲರೂ ತೂಕದವರು ಎಂದೇ ಕರೆಯುವುದು. ಸಣಕಲು ಮನುಷ್ಯ, ಕಂಕುಳಲ್ಲಿ ಕೊಡೆ, ಕೈಯಲ್ಲೊಂದು ನೋಟ್‌ಬುಕ್ಕು, ಬಹಳ ಮರ್ಯಾದಸ್ಥರು. ಮೂರಕ್ಕೆ ಸರಿಯಾಗಿ ಬಜಾರಿನ ಈ ತುದಿಯಿಂದ ಹೊರಟು ನಾಲ್ಕಕ್ಕೆ ಆ ತುದಿ ತಲುಪಿದರು. ಬೆನ್ನಿಗೆ ನಾನು, ಅಧ್ಯಕ್ಷರು. ದಾರಿಯಲ್ಲಿ ಎರಡು ನಾಯಿ, ಕುರ್ಚಿಯಲ್ಲೇ ನಿದ್ದೆಹೋದ ಒಬ್ಬ ಕ್ಷೌರಿಕ, ಅವನ ಎದುರು ಅರ್ಧ ಗಡ್ಡ ಕೆರೆಸಿಕೊಂಡು ತಾನೂ ನಿದ್ದೆಹೋದ ಒಬ್ಬ ಗಿರಾಕಿ. ತೂಕದವರು ನೋಟ್‌ಬುಕ್ಕು ನಮ್ಮ ಕಡೆ ತಿರುಗಿಸಿದರು. ‘ನೋಡಿ ಸ್ವಾಮಿ, ಯಾರಿಗೂ ಬೇಡದ ಗಂಟೆಗೆ ನಾವು ಬೆಲೆ ಕಟ್ಟೋ ಹಾಗಿಲ್ಲ. ಇದಕ್ಕೆ ಒಂದು ಬೀದಿ ನಲ್ಲಿ ಬರಬಹುದು. ತಿರುಪು ನೀವೇ ಹಾಕಿಸ್ಕೋಬೇಕು.’

ಹತ್ತೊಂಬತ್ತನೇ ವಾರ್ಡಿನಲ್ಲಿ ಒಂಬೈನೂರು ಮನೆ, ಅದಕ್ಕೆ ತಿರುಪಿಲ್ಲದ ಒಂದು ನಲ್ಲಿ! ಆಗ ನನ್ನ ಬಾಯಿಂದ ಆ ಮಾತು ಬಂತು. ಯೋಚಿಸಿ ಹೇಳಿದ್ದಲ್ಲ, ನನ್ನ ಬಾಯಿಯ ಚಾಳಿಯೇ ಅದು. ‘ಇವತ್ತು ಯಾರೋ ಸತ್ತವ್ರೆ ಸಾರ್, ಊರೆಲ್ಲ ಸಪ್ಪಗೈತೆ. ಬೇರೆ ದಿನ ನೋಡ್ಬೇಕು ನೀವು, ಕಾಲಿಡೋಕೆ ಜಾಗ ಇರಲ್ಲ!’ ತೂಕದವರು ನನ್ನನ್ನೂ ನಾಯಿಗಳನ್ನೂ ನೋಡಿದರು. ‘ಮರುತೂಕಕ್ಕೆ ಅವಕಾಶ ಇದೆ. ನಲವತ್ತು ದಿನದೊಳಗೆ ಯಾವತ್ತಾದರೂ ಬರ್ತೀನಿ, ಹೇಳಿ ಬರಲ್ಲ,’ ಎಂದು ಕೊಡೆ ಬಿಚ್ಚಿಕೊಂಡು ಹೋದರು.

ಯಾವತ್ತಾದರೂ ಎಂದರೆ ದಿನಾ ತಯಾರಿರಬೇಕು. ಅಧ್ಯಕ್ಷರು ತಲೆ ಮೇಲೆ ಕೈ ಹೊತ್ತರು. ನಾನು ಕಾಲಿಗೆ ಚಕ್ರ ಕಟ್ಟಿಕೊಂಡೆ. ವಾರ್ಡಿಗೆ ಇಪ್ಪತ್ತು ಜನರಂತೆ ಪಟ್ಟಿ ಮಾಡಿದೆ. ಮೂರಕ್ಕೆ ಶಟರು ಪೂರ್ತಿ ಮೇಲೇಳಬೇಕು ಎಂದು ಅಂಗಡಿಯವರಿಗೆ ಹೇಳಿದೆ. ಮದುವೆ ಬ್ಯಾಂಡಿನವರು ಹೇಗೂ ಎಲ್ಲೋ ಒಂದು ಕಡೆ ಅಭ್ಯಾಸ ಮಾಡಬೇಕಲ್ಲ, ಬಜಾರಿನಲ್ಲೇ ಮಾಡಿ ಎಂದೆ. ಶಾಲೆಯ ಆಟದ ಪೀರಿಯಡ್ಡನ್ನು ಮೂರಕ್ಕೆ ತರಿಸಿದೆ. ಗರಡಿಯವರನ್ನು ಕರೆಸಿ ಬಸ್ ನಿಲ್ದಾಣದಲ್ಲೇ ಮಣ್ಣು ಹಾಸಿಸಿದೆ. ಹೇಗೂ ಛಾವಣಿ ಇರಲಿಲ್ಲ, ಗಾಳಿ ಬೆಳಕು ಚೆನ್ನಾಗಿತ್ತು. ಮೊದಲ ದಿನ ಬಂದವರ ಮುಖ ನೋಡಬೇಕು! ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸಂತೋಷವಾಗಿರಬೇಕಂತೆ ಎಂದು ನಾಚಿಕೊಂಡು ನಿಂತಿದ್ದರು. ಬ್ಯಾಂಡಿನವನು ಆಕಳಿಸುತ್ತಲೇ ತುತ್ತೂರಿ ಊದಿದ. ಕುಸ್ತಿಯವರು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಹಾಗೇ ನಿದ್ದೆಹೋದರು.

ಒಂದು ವಾರ ಬೈದು, ಗೋಗರೆದು, ಚಹಾ ಕುಡಿಸಿ ಎಳೆದು ತಂದೆ. ಎರಡನೇ ವಾರ ಏನಾಯಿತೋ ನನಗಿನ್ನೂ ಅರ್ಥವಾಗಿಲ್ಲ. ಪಟ್ಟಿ ಹಿಡಿದು ಹೋದರೆ ಪಟ್ಟಿಯಲ್ಲಿಲ್ಲದವರೇ ಹೆಚ್ಚು ಕಂಡರು. ಮಾರವಾಡಿ ಅಂಗಡಿಯ ಮುದುಕರು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದತೊಡಗಿದರು, ಕೇಳಲು ನಲವತ್ತು ಜನ ನೆಲದ ಮೇಲೆ ಕೂತರು. ತಪ್ಪು ಓದಿದರೆ ತಿದ್ದುವವರು ಇಪ್ಪತ್ತು ಜನ. ಬೋಂಡದ ಗಾಡಿ ಒಂದಿದ್ದದ್ದು ಏಳಾಯಿತು. ನಾಲ್ಕು ವರ್ಷದಿಂದ ಕೋರ್ಟಿನಲ್ಲಿದ್ದ ಇಬ್ಬರು ಅಣ್ಣತಮ್ಮಂದಿರು ಗಾಳಿಪಟಕ್ಕಾಗಿ ಒಂದೇ ದಾರ ಹಿಡಿದಿದ್ದನ್ನು ನಾನೇ ಕಣ್ಣಾರೆ ಕಂಡೆ. ಟ್ಯಾಂಕರ್ ಡ್ರೈವರುಗಳು ಕೂಡ ಮೂರಕ್ಕೆ ಗಾಡಿ ನಿಲ್ಲಿಸಿ ಕುಸ್ತಿ ನೋಡಲು ಬಂದುಬಿಡುತ್ತಿದ್ದರು. ಹಾಗಾಗಿ ನನ್ನ ವಾರ್ಡಿನ ಹೆಂಗಸರೂ ಬಂದರು. ಟ್ಯಾಂಕರ್ ಯಾವಾಗ ಬರುತ್ತದೋ ಎಂದು ಹನ್ನೊಂದು ವರ್ಷದಿಂದ ಹಗಲು ಹೊತ್ತು ಮನೆ ಬಿಟ್ಟು ಅಲುಗದ ಹನುಮಕ್ಕ, ನನ್ನ ಹನ್ನೊಂದು ಓಟಿನಲ್ಲಿ ಮೊದಲನೆಯವಳು, ಬಜಾರಿನ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು ‘ಇಷ್ಟೊಂದು ಬಳೆ ಅಂಗ್ಡಿ ಯಾವಾಗಾದ್ವವ್ವ?’ ಎಂದು ಕೇಳಿದಳು.

ಇನ್ನು ನನ್ನ ಅಕ್ಕನ ಮಾತು. ವನಜಕ್ಕ ಇರುವುದು ಹಳೇಪೇಟೆಯಲ್ಲಿ, ತವರಿನಿಂದ ನನಗುಳಿದವಳು ಅವಳೊಬ್ಬಳೇ. ಆರು ವರ್ಷದಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ. ನನ್ನ ಗೃಹಪ್ರವೇಶದಲ್ಲಿ ಅವಳು ಎರಡನೇ ಪಂಕ್ತಿಗೆ ಕೂತಿದ್ದಳು, ಅವಳ ಎಲೆಯ ಹತ್ತಿರ ಬರುವಾಗ ಪಾಯಸ ಮುಗಿದಿತ್ತು. ಅಷ್ಟೇ. ಎದ್ದು ಕೈ ತೊಳೆದು ಹೋದವಳು ಮತ್ತೆ ನಮ್ಮ ಬಡಾವಣೆಯ ಕಮಾನು ದಾಟಲಿಲ್ಲ. ನಾನೂ ಹೋಗಲಿಲ್ಲ, ಅವಳಿಗಷ್ಟಿದ್ದರೆ ನನಗಿಷ್ಟಿರಬಾರದೆ? ಹದಿಮೂರನೇ ದಿನವಿರಬೇಕು, ಹಾಜರಿ ನೋಡುತ್ತ ಅವಳ ಬೀದಿಗೆ ಹೋದೆ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಎರಡೂ ಕಡೆಯ ಕಾಯಿ ಅವಳೇ ನಡೆಸುತ್ತ ಒಬ್ಬಳೇ ಕೂತಿದ್ದಳು. ನಾನು ಪಟ್ಟಿ ನೋಡುವಂತೆ ನಟಿಸಿದೆ. ಅವಳು ತಲೆ ಎತ್ತದೆ ಕಂಬಕ್ಕೆ ಹೇಳುವಂತೆ, ‘ಆಡೋರಿದ್ರೆ ಕೂತ್ಕೊಂಡು ಆಡ್ಲಿ. ನಿಂತ್ಕೊಂಡ್ರೆ ಬೆಳಕಿಗೆ ಅಡ್ಡ,’ ಎಂದಳು. ಕೂತೆ. ಕವಡೆ ನನ್ನ ಕಡೆ ತಳ್ಳಿದಳು. ಮೊದಲ ಏಟಿಗೇ ಎಂಟರ ಬಾರ ಬಿತ್ತು ನನಗೆ. ‘ಯಾವಾಗ್ಲೂ ಹಿಂಗೇ, ಮೋಸಗಾತಿ,’ ಎಂದಳು. ಆರು ವರ್ಷದ ಮೇಲೆ ಅಕ್ಕ ನನಗೆ ಆಡಿದ ಮೊದಲ ಮಾತು ಅದು. ಕಣ್ಣಲ್ಲಿ ನೀರು ಬಂದು ನನಗೆ ಮನೆಗಳೇ ಕಾಣಲಿಲ್ಲ, ಆ ಆಟ ನಾನು ಸೋತೆ.

ಅಲ್ಲಿಂದ ಮುಂದೆ ಮೂರು ಹೊಡೆಯುವುದನ್ನೇ ಕಾಯುತ್ತಿದ್ದೆ. ಸೈರನ್ ಕೂಗಿದೊಡನೆ ಎದೆ ಡವಗುಟ್ಟುತ್ತಿತ್ತು, ನನಗೆ ನಲವತ್ತೇಳು ವರ್ಷ, ನಾಚಿಕೆಯಾಗಬೇಕು. ಪಟ್ಟಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಕ್ಕ ಕಾಯಿ ಹೊಡೆಯುತ್ತ ಅಪ್ಪನ ಕೊನೆಗಾಲದ ಮಾತು ಹೇಳುತ್ತಿದ್ದಳು, ನಾನು ಸಭೆಯಲ್ಲಿ ಯಾರು ಯಾರನ್ನು ಹೇಗೆ ಬೈದರೆಂದು ನಟಿಸಿ ತೋರಿಸುತ್ತಿದ್ದೆ, ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾಲ್ಕಾದರೆ ಅವಳು ಕಾಯಿಗಳನ್ನು ಒಟ್ಟುಮಾಡಿ ಒಳಗೆ ಹೋಗುವಳು, ಮತ್ತೆ ಮರುದಿನ ಮೂರರವರೆಗೆ ನಾವಿಬ್ಬರೂ ಎದುರಾದರೂ ಮುಖ ತಿರುಗಿಸಿಕೊಂಡು ಹೋಗುವುದು. ಆರು ವರ್ಷದ ರೂಢಿ, ಒಂದು ಗಂಟೆಯಲ್ಲಿ ಎಷ್ಟು ಬಿಟ್ಟೀತು?

ತೂಕದವರು ಬಂದಿದ್ದು ಮೂವತ್ತೇಳನೇ ದಿನ. ಯಾರೂ ಗಮನಿಸಲೇ ಇಲ್ಲ. ನಾನು ಕಂಡಾಗ ಅವರು ಎರಡನೇ ಬೋಂಡ ತಿನ್ನುತ್ತಿದ್ದರು. ಆಮೇಲೆ ಕುಸ್ತಿಯಲ್ಲಿ ಯಾರ ಬೆನ್ನು ಮಣ್ಣಿಗೆ ಹತ್ತಿತೆಂದು ಜಗಳವಾಗಿ, ಇವರು ಹೊರಗಿನವರು, ಪಕ್ಷಪಾತವಿಲ್ಲ ಎಂದು ಅವರನ್ನೇ ತೀರ್ಪಿಗೆ ನಿಲ್ಲಿಸಿದರು. ನೋಟ್‌ಬುಕ್ಕು ಬೋಂಡದ ಗಾಡಿಯಲ್ಲೇ ಮರೆತಿದ್ದರು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಬೆವರೊರೆಸಿಕೊಳ್ಳುತ್ತ ಬಂದು ಅದನ್ನು ತೆಗೆದುಕೊಂಡು, ಎಣ್ಣೆ ಜಿಡ್ಡಿನ ಹಾಳೆಯ ಮೇಲೆ ಒಂದು ಅಂಕಿ ಬರೆದರು. ಅಧ್ಯಕ್ಷರು ಸೊನ್ನೆ ಎಣಿಸಿದರು, ಮತ್ತೆ ಎಣಿಸಿದರು, ಆಮೇಲೆ ಪಂಚೆ ಎತ್ತಿಕಟ್ಟಿ ಬ್ಯಾಂಡಿನ ಮುಂದೆ ಕುಣಿದೇಬಿಟ್ಟರು. ಹತ್ತೊಂಬತ್ತನೇ ವಾರ್ಡಿಗಷ್ಟೇ ಅಲ್ಲ, ಹೊಸ ಬಡಾವಣೆಗಳೆಲ್ಲಕ್ಕೂ ಪೈಪು ಎಳೆದು, ಎರಡು ಮೇಲ್ತೊಟ್ಟಿ ಕಟ್ಟುವಷ್ಟು ಸಾಲ! ‘ಗೆದ್ಬಿಟ್ರಿ ಪಂಕಜಮ್ಮನೋರೆ!’ ಎಂದು ಅವರು ಕೂಗಿದರು. ನಾನೂ ಕೂಗಿದೆ. ಕೂಗುತ್ತ ತಿರುಗಿ ನೋಡಿದರೆ ಬಜಾರಿನಲ್ಲಿ ಬೇರೆ ಯಾರೂ ಕೂಗುತ್ತಿರಲಿಲ್ಲ.

ಮರುದಿನದಿಂದ ಊರು ತಿರುಗಿಬಿತ್ತು. ಮೂರರ ಗಂಟೆ ಕೊಡಕೂಡದು! ಯಾರಿಗೂ ಬೇಡವಾಗಿದ್ದ ಆ ಗಂಟೆಗಾಗಿ ಹಳೇಪೇಟೆಯವರು ಮೆರವಣಿಗೆ ತೆಗೆದರು, ಅದೂ ಮೂರಕ್ಕೇ. ನೀರಿಲ್ಲದ ಬಡಾವಣೆಗಳ ಸದಸ್ಯರೇ ಕೆಲವರು ‘ಬೆಳಿಗ್ಗೆ ಒಂಬತ್ತರದನ್ನ ಕೊಡಿ, ಹತ್ತರದನ್ನ ಕೊಡಿ, ಇದೊಂದು ಬಿಡಿ’ ಎಂದು ಗೋಳಾಡತೊಡಗಿದರು. ಆದರೆ ತೂಗಿದ ಗಂಟೆ ಅದೊಂದೇ, ಬೇರೆಯದನ್ನು ತೂಗಿಸಬೇಕೆಂದರೆ ಏಳು ತಿಂಗಳು ಕಾಯಬೇಕು. ಯುಗಾದಿಗೆ ಆರು ತಿಂಗಳಿತ್ತು. ಅಕ್ಕ ಕವಡೆ ಕೈಯಲ್ಲಿ ಹಿಡಿದು ಹಾಕದೆ ಕೂತಿದ್ದಳು. ‘ಇದನ್ನ ಕೊಡಕ್ಕೆ ನೀನೂ ಕೈ ಎತ್ತೀಯಾ?’ ಎಂದಳು. ಮಾತು ಕೊಟ್ಟಿದ್ದೇನೆ ಅಕ್ಕ, ಎಂದೆ. ‘ನನಗೇನ್ ಕೊಟ್ಟೆ?’ ಎಂದಳು. ‘ಈ ಗಂಟೆ ಹೋದ್ರೆ ನಾನ್ ಮತ್ತೆ ನಿನ್ನ ಮಾತಾಡ್ಸಲ್ಲ ಕಣೇ. ಹಟಕ್ಕಲ್ಲ. ನನಗೆ ಬೇರೆ ಹೊತ್ತಲ್ಲಿ ಬರಲ್ಲ.’ ಅವಳು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ನನಗೂ ಬರುತ್ತಿರಲಿಲ್ಲ.

ಮತ ಹಾಕುವ ದಿನ ಬೆಳಿಗ್ಗೆ ಹನುಮಕ್ಕ ಖಾಲಿ ಕೊಡ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದಳು. ನಾನೇ ಕೇಳಿದೆ, ಏನು ಮಾಡಲಿ ಹನುಮಕ್ಕ, ನಿನಗೂ ಆ ಗಂಟೆ ಎಷ್ಟು ಇಷ್ಟವಲ್ಲ? ‘ಇಷ್ಟ ಅಲ್ದೆ ಏನವ್ವ,’ ಎಂದಳು, ‘ಹನ್ನೊಂದ್ ವರ್ಷಕ್ಕೆ ಬಜಾರ್ ನೋಡ್ದೆ. ಕೈ ತುಂಬ ಬಳೆ ತೊಟ್ಕೊಂಡೆ. ಆದ್ರೆ ಮಿಕ್ಕಿದ್ ಇಪ್ಪತ್ತೊಂದ್ ಗಂಟೆ ಟ್ಯಾಂಕರ್ ಕಾಯ್ತೀನಲ್ಲ, ಅದು ಯಾರ್ ಹತ್ರ ಗಿರವಿ ಇಟ್ಟೀನಿ? ಅದನ್ ಬಿಡ್ಸ್ಕೊಡು ಮೊದ್ಲು.’ ನಾನು ಅವಳ ಕೊಡ ತೆಗೆದುಕೊಂಡು ನನ್ನ ತೊಟ್ಟಿಯಲ್ಲಿ ಉಳಿದಿದ್ದ ನೀರನ್ನು ತುಂಬಿಸಿ ಕೊಟ್ಟು, ಸೀರೆ ಬದಲಿಸಿ ಪುರಸಭೆಗೆ ಹೋದೆ.

ಸಭಾಂಗಣ ಕಿಕ್ಕಿರಿದಿತ್ತು, ಕಿಟಕಿಗೆ ಜನ ಜೋತುಬಿದ್ದಿದ್ದರು. ನಾವು ಇಪ್ಪತ್ತಮೂರು ಸದಸ್ಯರು. ಪರವಾಗಿ ಕೈ ಎತ್ತಿದವರು ಹನ್ನೊಂದು, ವಿರೋಧವಾಗಿ ಎತ್ತಿದವರು ಹನ್ನೊಂದು. ಯಾವ ಕಡೆಗೂ ಎತ್ತದೆ ಕೂತವಳು ನಾನೊಬ್ಬಳು. ಎಲ್ಲ ಕಣ್ಣೂ ನನ್ನ ಮೇಲೆ. ಗೋಡೆಯ ಹತ್ತಿರ ಅಕ್ಕ ನಿಂತಿದ್ದಳು, ಎದುರಿನ ಬಾಗಿಲಲ್ಲಿ ಹನುಮಕ್ಕ ಮತ್ತು ನಮ್ಮ ವಾರ್ಡಿನವರು. ನನ್ನ ಜೀವಮಾನದಲ್ಲಿ ಅಷ್ಟು ಭಾರದ ವಸ್ತು ನಾನು ಎತ್ತಿಲ್ಲ, ನನ್ನದೇ ಬಲಗೈ. ಎತ್ತಿದೆ. ಬಾಗಿಲ ಕಡೆಯಿಂದ ಕೇಕೆ ಎದ್ದಿತು, ಯಾರೋ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡರು, ಛಾವಣಿಯ ನಕ್ಷೆಯಲ್ಲಿದ್ದ ನನ್ನ ವಾರ್ಡು ಮೂಗಿಗೆ ತಾಗುವಷ್ಟು ಹತ್ತಿರ ಬಂತು. ಅಷ್ಟು ಎತ್ತರದಿಂದ ಅಕ್ಕ ಸೆರಗು ಹೊದ್ದುಕೊಂಡು ಹೊರಗೆ ಹೋಗುವುದು ಚೆನ್ನಾಗಿ ಕಂಡಿತು.

ಗಿರವಿ ಪತ್ರಗಳಿಗೆ ಸಹಿಯಾದ ಮೂರನೇ ದಿನ ಗಂಟೆ ಹೋಯಿತು. ಸೈರನ್ ಮೂರಕ್ಕೆ ಕೂಗಿತು, ಉಸಿರು ಬಿಡುವ ಮೊದಲೇ ನಾಲ್ಕಕ್ಕೆ ಕೂಗಿತು. ಬಜಾರಿನಲ್ಲಿ ಮೂರಕ್ಕೆ ಬಾಣಲೆಗೆ ಬಿಟ್ಟ ಬೋಂಡ ನಾಲ್ಕಕ್ಕೆ ಕರಕಲಾಗಿತ್ತು. ಬ್ಯಾಂಡಿನವರು ತುತ್ತೂರಿಯನ್ನು ಗವಸಿಗೆ ಹಾಕಿ ಮನೆಗೆ ಹೋದರು. ಪೈಪಿನ ಕೆಲಸ ಮಾತ್ರ ಭರದಿಂದ ನಡೆಯಿತು, ನಾನು ಬಿಡಬೇಕಲ್ಲ. ಗುಂಡಿ ತೆಗೆಯುವವರ ಹಿಂದೆ ನಿಂತೆ, ಬೆಸುಗೆ ಹಾಕುವವರ ಹಿಂದೆ ನಿಂತೆ, ಇಂಜಿನಿಯರ ಕನಸಿನಲ್ಲೂ ನಿಂತಿದ್ದೆನಂತೆ, ಅವರ ಹೆಂಡತಿಯೇ ಹೇಳಿದರು. ಅಕ್ಕ ಎರಡು ಸಲ ಎದುರಾದಳು, ಎರಡು ಸಲವೂ ಬೀದಿಯ ಆಚೆ ಬದಿಗೆ ಹೋದಳು.

ಯುಗಾದಿಗೆ ಒಂಬತ್ತು ದಿನವಿರುವಾಗ ನೀರು ಬಂತು. ಮೊದಲು ನಲ್ಲಿ ಕೆಮ್ಮಿತು, ತುಕ್ಕು ಉಗುಳಿತು, ಆಮೇಲೆ ಧೋ ಎಂದು ಸುರಿಯಿತು. ನನ್ನ ಅವ್ವಂದಿರಾ, ಆ ದಿನ ನೀವು ನಮ್ಮ ಬಡಾವಣೆಯಲ್ಲಿರಬೇಕಿತ್ತು! ಕೊಡ, ಬಿಂದಿಗೆ, ಚರಿಗೆ, ಇಡ್ಲಿ ಪಾತ್ರೆ, ಮಗುವಿನ ತೊಟ್ಟಿಲೊಂದು ಬಿಟ್ಟು ಎಲ್ಲವನ್ನೂ ತುಂಬಿಸಿದರು. ತುಂಬಿಸಿ ಮುಗಿದರೂ ನೀರು ಬರುತ್ತಿತ್ತು, ಅದನ್ನು ನಂಬುವುದು ಹೇಗೆಂದು ತಿಳಿಯದೆ ಬೀದಿಗೆ ಎರಚಿದರು, ಒಬ್ಬರ ಮೇಲೊಬ್ಬರು ಎರಚಿದರು. ಹನುಮಕ್ಕ ನನ್ನ ತಲೆಯ ಮೇಲೆ ಒಂದು ಕೊಡ ಪೂರ್ತಿ ಸುರಿದು, ‘ಋಣ ತೀರ್ತು!’ ಎಂದಳು. ಒದ್ದೆ ಸೀರೆಯಲ್ಲೇ ನಾನು ನಕ್ಕೆ, ಅತ್ತೆ, ಎರಡೂ ಒಟ್ಟಿಗೆ.

ಟ್ಯಾಂಕರ್ ಕಾಯುವ ಕೆಲಸ ತಪ್ಪಿದ ಮೇಲೆ ಹೆಂಗಸರಿಗೆ ಹಗಲು ಇಷ್ಟು ಉದ್ದವೆಂದು ತಿಳಿಯಿತು. ಒಂದು ದಿನ ನಾಲ್ಕರ ಸೈರನ್ನಿಗೆ ಹನುಮಕ್ಕ ಚಾಪೆ ಸುತ್ತಿಕೊಂಡು ಬಜಾರಿಗೆ ಹೊರಟಳು, ಹಿಂದೆ ಐದಾರು ಜನ. ಅವರನ್ನು ಕಂಡು ಬೋಂಡದವನು ಬೆಂಕಿ ಹಚ್ಚಿದ. ಬೋಂಡದ ವಾಸನೆಗೆ ಪತ್ರಿಕೆ ಓದುವ ಮುದುಕರು ಬಂದರು, ಓದುವ ದನಿ ಕೇಳಿ ತಿದ್ದುವವರು ಬಂದರು. ಯಾರೂ ಯಾರನ್ನೂ ಕರೆದಿರಲಿಲ್ಲ. ಅದೇ ವಾರ ನಾನು ಅಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದಾಗ ಗೇಟಿನ ಸದ್ದಾಯಿತು. ಅಕ್ಕ. ಆರು ವರ್ಷದ ಮೇಲೆ ಕಮಾನು ದಾಟಿ ಬಂದವಳು ನನ್ನ ಮುಖ ನೋಡದೆ ನಲ್ಲಿಯ ಮುಖ ನೋಡಿದಳು. ‘ನೀರು ಸಿಹಿಯಂತೆ. ನೋಡಣ ಅಂತ ಬಂದೆ. ಒಂದ್ ಲೋಟ ಕೊಡು.’ ಕೊಟ್ಟೆ. ನಿಧಾನವಾಗಿ ಪೂರ್ತಿ ಕುಡಿದಳು. ‘ಪರ್ವಾಗಿಲ್ಲ,’ ಎಂದಳು. ಆಮೇಲೆ ಮೆಲ್ಲಗೆ, ‘ಕೈ ಎತ್ತಿದ್ದಕ್ಕೆ ಬೈಯಕ್ಕೆ ಬಂದಿದ್ದೆ ಕಣೇ. ನೀರ್ ಕುಡಿದ್ಮೇಲೆ ಬೈಯಕ್ಕಾಗಲ್ಲ. ನಡಿ, ನಾಲ್ಕಾಗೈತೆ,’ ಎಂದಳು. ಅಂದಿನಿಂದ ನಾಲ್ಕರಿಂದ ಐದು ನಮ್ಮದಾಯಿತು. ಹೇಳಿದರೆ ನಂಬುತ್ತೀರೋ ಇಲ್ಲವೋ, ಮೂರರದಕ್ಕಿಂತ ಚೆನ್ನಾಗಿತ್ತು. ಬಿಸಿಲು ಇಳಿದಿರುತ್ತಿತ್ತು, ಬಡಾವಣೆಯವರೂ ಪೇಟೆಯವರೂ ಬೆರೆತು ಕೂರುತ್ತಿದ್ದೆವು, ಯಾರಿಗೂ ಯಾವ ಪಟ್ಟಿಯೂ ಬೇಕಿರಲಿಲ್ಲ.

ಎರಡು ತಿಂಗಳು ಹೀಗೆ ಹೋಯಿತು. ಒಂದು ಗುರುವಾರ ನಾಲ್ಕಕ್ಕೆ ಸ್ವಲ್ಪ ಮೊದಲು ಬಸ್ ನಿಲ್ದಾಣದ ಕಡೆಯಿಂದ ಬರುತ್ತಿದ್ದೆ. ಬಸ್ಸಿನಿಂದ ಒಂದು ಕೊಡೆ ಇಳಿಯಿತು, ಹಿಂದೆ ತೂಕದವರು. ಅಧ್ಯಕ್ಷರು ಹೂವಿನ ಹಾರ ಹಿಡಿದು ಕಾಯುತ್ತಿದ್ದರು. ನನ್ನನ್ನು ಕಂಡು ಹಲ್ಲು ಕಿರಿದರು. ‘ಪಂಕಜಮ್ಮನೋರೆ, ಒಳ್ಳೇ ಟೈಮಿಗೆ ಬಂದ್ರಿ. ಪುರಸಭೆಗೆ ಐದಂತಸ್ತಿನ ಕಟ್ಟಡ, ಪೂರ್ತಿ ಗಾಜಿಂದು! ನಕ್ಷೆ ಅಂಟಿಸೋಕೆ ಗೋಡೆ ಬೇಡ್ವಾ? ನಾಲ್ಕರ ಗಂಟೆ ಬಂಗಾರದ ಗಟ್ಟಿ ಆಗೈತೆ, ತೂಗಿಸಿ ಇಟ್ಟುಬಿಡೋಣ.’ ಕೈ ಎತ್ತಿ ಒಂದು ಗಂಟೆ ಕೊಟ್ಟವಳು ನಾನು, ನೀರಿಗಾಗಿ ಕೊಟ್ಟೆ, ಇವತ್ತು ಕೇಳಿದರೂ ಕೊಡುತ್ತೇನೆ. ಗಾಜಿಗೆ? ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ.

ನಲವತ್ತೇಳರ ಹೆಂಗಸು ಸೀರೆ ಎತ್ತಿಕಟ್ಟಿ ಬಜಾರಿನ ತುಂಬ ಓಡಿದ್ದನ್ನು ನಮ್ಮ ಊರಿನವರು ಇವತ್ತಿಗೂ ನಟಿಸಿ ತೋರಿಸುತ್ತಾರೆ. ‘ಮಲಗ್ರೋ! ಎಲ್ಲಾ ಮಲಗ್ರೋ! ತೂಕದೋರು ಬಂದವ್ರೆ! ಆಕಳಿಸ್ರೋ!’ ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾಗಿದ್ದು ಹನುಮಕ್ಕನಿಗೆ. ಇದ್ದ ಜಾಗದಲ್ಲೇ ಚಾಪೆಯ ಮೇಲೆ ದೊಪ್ಪನೆ ಉರುಳಿ ಗೊರಕೆ ಶುರುಮಾಡಿದಳು. ಆಮೇಲೆ ನೋಡಬೇಕಿತ್ತು ನೀವು! ಶಟರುಗಳು ಅರ್ಧಕ್ಕೆ ಇಳಿದವು. ಬೋಂಡದವನು ಬಾಣಲೆಗೆ ತಟ್ಟೆ ಮುಚ್ಚಿ ಗಾಡಿಯ ಕೆಳಗೆ ತೂರಿಕೊಂಡ. ಕುಸ್ತಿಯವರು ಹಿಡಿದ ಪಟ್ಟಿನಲ್ಲೇ ಕಣ್ಣು ಮುಚ್ಚಿದರು. ಮುದುಕರು ಪತ್ರಿಕೆಯನ್ನು ಮುಖಕ್ಕೆ ಹೊದ್ದುಕೊಂಡರು, ತಿದ್ದುವವರು ಸಾಲಾಗಿ ಗೋಡೆಗೆ ಒರಗಿ ಬಾಯಿ ತೆರೆದು ತೂಕಡಿಸಿದರು. ಶಾಲೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಯೇ ಬರಲಿಲ್ಲ, ನಿದ್ದೆ ನಟಿಸುವುದು ಅವರಿಗೆ ದಿನದ ವಿದ್ಯೆ. ನಾನು ಅಕ್ಕನ ಜಗಲಿ ತಲುಪುವ ಹೊತ್ತಿಗೆ ಸೈರನ್ ಕೂಗಿತು. ಅವಳು ಕಾಯಿಗಳ ಮೇಲೆ ಸೆರಗು ಎಳೆದು, ನನ್ನನ್ನು ಪಕ್ಕಕ್ಕೆ ಎಳೆದು ಮಲಗಿಸಿಕೊಂಡಳು.

ಕೊಡೆಯ ತುದಿ ಟಕ್ ಟಕ್ ಎಂದು ಬೀದಿಯಲ್ಲಿ ಬರುವುದು ಕೇಳಿಸಿತು. ಜೊತೆಗೆ ಅಧ್ಯಕ್ಷರ ಗೋಳು. ‘ನಿನ್ನೆ ಹಿಂಗಿರ್ಲಿಲ್ಲ ಸ್ವಾಮಿ, ದೇವ್ರಾಣೆ, ನಿನ್ನೆ ನೀವ್ ನೋಡ್ಬೇಕಿತ್ತು. ಏಯ್, ಏಳ್ರಯ್ಯ! ಏನಾಗೈತೆ ನಿಮ್ಗೆಲ್ಲ?’ ಯಾರೋ ಉತ್ತರಕ್ಕೆ ಗೊರಕೆ ಹೊಡೆದರು. ಹೆಜ್ಜೆಗಳು ನಮ್ಮ ಜಗಲಿಯ ಮುಂದೆ ನಿಂತವು. ರೆಪ್ಪೆಯ ಸಂದಿಯಿಂದ ಎರಡು ಕಪ್ಪು ಬೂಟುಗಳು ಕಂಡವು. ಪಕ್ಕದಲ್ಲಿ ಅಕ್ಕನ ಹೊಟ್ಟೆ ನಗುವಿಗೆ ಕುಲುಕಾಡತೊಡಗಿತು. ಈಗ ಸಿಕ್ಕಿಬಿದ್ದೆವು ಎಂದುಕೊಂಡೆ, ಅವಳ ಕೈಯನ್ನು ಬಿಗಿಯಾಗಿ ಅಮುಕಿ ಹಿಡಿದೆ. ತೂಕದವರು ಬಹಳ ಹೊತ್ತು ನಿಂತಿದ್ದರು. ಹಾಳೆ ತಿರುವಿದ ಸದ್ದಾಯಿತು, ಪೆನ್ನಿನ ಸದ್ದಾಯಿತು. ‘ಒಂದು ಬೀದಿ ನಲ್ಲಿಯೂ ಬರಲ್ಲ ಸ್ವಾಮಿ,’ ಎಂದರು ಅವರು ಅಧ್ಯಕ್ಷರಿಗೆ. ‘ಬೇಕಾದರೆ ಮರುತೂಕಕ್ಕೆ ಬರ್ತೀನಿ. ಯಾವತ್ತಾದರೂ. ಹೇಳಿ ಬರಲ್ಲ.’

ಟಕ್ ಟಕ್ ಎಂದು ಕೊಡೆ ಮುಂದೆ ಹೋಯಿತು. ಬಜಾರಿನ ಆ ತುದಿ ತಲುಪಲು ಐದರವರೆಗೂ ಹೊತ್ತು ಬೇಕು, ಅಲ್ಲಿಯವರೆಗೆ ಯಾರೂ ಅಲುಗುವ ಹಾಗಿರಲಿಲ್ಲ. ಇಡೀ ಊರು ಬಿಸಿ ನೆಲದ ಮೇಲೆ ಉಸಿರು ಹಿಡಿದು ಮಲಗಿತ್ತು. ‘ಹೋದ್ನಾ?’ ಎಂದಳು ಅಕ್ಕ, ತುಟಿ ಆಡಿಸದೆ. ಇನ್ನೂ ಇಲ್ಲ, ಎಂದೆ. ‘ನಮ್ ಗಂಟೆ ಮುಗ್ದೋಗ್ತೈತಲ್ಲೇ ಹಿಂಗೇ.’ ಮುಗಿಯಲಿ, ಸುಮ್ಮನೆ ಮಲಗು, ಎಂದೆ. ಐದರ ಸೈರನ್ ಕೂಗುವವರೆಗೂ ನಾವಿಬ್ಬರೂ ಕಣ್ಣು ಮುಚ್ಚಿಕೊಂಡೇ ಇದ್ದೆವು, ಕೈ ಬಿಡಲಿಲ್ಲ. ಕೂಗಿದ ಮೇಲೂ ಅವಳು ಬಿಡಲಿಲ್ಲ.